ಒಗೆಯುವ ಕಲ್ಲು ಮಗುಚಿದಾಗ

ಬಸವಕಲ್ಯಾಣದ ನಮ್ಮ ತವರುಮನೆಯ ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲೊಂದಿತ್ತು. ಕಪ್ಪನೆಯ ಚಪ್ಪಟೆ ಕಲ್ಲು. ಸಣ್ಣ ಹುಡುಗಿಯೊಬ್ಬಳು ಕೈಕಾಲು ಚಾಚಿ ಮಲಗಿದರೆ ಸರಿಹೋಗುವಷ್ಟು ಉದ್ದ. ಸಾಲಿ ಕಲಿಯುವ ದಿನಗಳಲ್ಲಿ ನಾನು ಹಾಗೆ ಅದರ ಮೇಲೆ ಮಲಗಿ ಅವ್ವನಿಂದ ಬೈಸಿಕೊಂಡದ್ದೂ ಉಂಟು. ಅವ್ವ ಮೋರಖಂಡಿಯಿಂದ ಮದುವೆಯಾಗಿ ಈ ಮನೆಗೆ ಬಂದಾಗ ಹಿತ್ತಲಲ್ಲಿ ಒಗೆಯಲು ಸರಿಯಾದ ಕಲ್ಲಿರಲಿಲ್ಲವಂತೆ. ಹೊಸ ಸೊಸೆ ಗಂಡನಲ್ಲಿ ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದೇ. ಅಪ್ಪ ಕೋಟೆಯ ಕಂದಕದ ಆಚೆಯ ದಿಬ್ಬದಿಂದ ಈ ಕಲ್ಲನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದು, ನುಣ್ಣಗಿದ್ದ ಮಗ್ಗುಲನ್ನು ಮೇಲೆ ಮಾಡಿ ಹಾಕಿಸಿದ್ದ. ಕೆಳಗಿನ ಮಗ್ಗುಲಲ್ಲಿ ಏನಿದೆ ಎಂದು ಆಗ ಯಾರೂ ನೋಡಲಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ದಸರೆ ರಜೆ ಅದು. ನನಗೆ ಮದುವೆಯಾಗಿ ಹುಮನಾಬಾದಿನಲ್ಲಿ ಮನೆ ಮಾಡಿದ್ದೆವು. ಅಲ್ಲಿಯ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡುತ್ತಿದ್ದೆ. ರಜೆಗೆಂದು ತವರಿಗೆ ಬಂದರೆ ಹಿತ್ತಲಲ್ಲಿ ಕೆಲಸ ನಡೆದಿತ್ತು. ಮನೆಗೆ ನಳದ ನೀರು ಬಂದಿತ್ತು, ಅಪ್ಪ ಹೊಸ ಬಚ್ಚಲು ಕಟ್ಟಿಸುತ್ತಿದ್ದ. ಪಾಯ ತೋಡಲು ಕಲ್ಲು ಅಡ್ಡ ಬಂತು. ಗೌಂಡಿಯೂ ಅವನ ಇಬ್ಬರು ಆಳುಗಳೂ ಹಾರೆ ಕೊಟ್ಟು ಅದನ್ನು ಎಬ್ಬಿಸಿ ಮಗುಚಿ ಹಾಕಿದರು. ಅವ್ವ ಮತ್ತು ನಾನು ಒಳಗೆ ಹೋಳಿಗೆಗೆ ಕಡಲೆಬೇಳೆ ಹಸನು ಮಾಡುತ್ತ ಕುಳಿತಿದ್ದೆವು.

"ಅಮ್ಮಾ, ಜರಾ ಹೊರಗ ಬರ್ರಿ" ಎಂದು ಗೌಂಡಿ ಕೂಗಿದ. "ಇದು ಬರೇ ಕಲ್ಲಲ್ಲರಿ. ಮೂರ್ತಿ ಅದ."

ಅವ್ವ ಒಂದು ಕೊಡ ನೀರು ತಂದು ಸುರಿದಳು. ಎಷ್ಟೋ ವರ್ಷದ ಸಾಬೂನಿನ ಕೆಸರು ಹರಿದುಹೋದ ಹಾಗೆ ಒಂದು ಹೆಣ್ಣಿನ ಮುಖ ಮೇಲೆದ್ದು ಬಂತು. ಮೂಗಿನ ತುದಿ ಮುಕ್ಕಾಗಿತ್ತು. ಒಂದು ಪಕ್ಕಕ್ಕೆ ವಾಲಿದ ತುರುಬು, ಹೆಗಲು ಮುಟ್ಟುವ ಓಲೆ, ಎದೆಯ ಮೇಲೆ ಎಳೆ ಎಳೆಯಾಗಿ ಇಳಿದ ಸರ, ಬಳುಕಿದ ಸೊಂಟಕ್ಕೆ ಮಣಿಮಣಿಯಾಗಿ ಬಿಡಿಸಿದ ಡಾಬು. ಬಲಗೈ ಹೆಗಲಿನಿಂದಲೇ ಹೋಗಿತ್ತು. ಎತ್ತಿ ಹಿಡಿದ ಎಡಗೈಯ ಮುಷ್ಟಿಯಲ್ಲಿ ಯಾವುದೋ ಒಂದರ ಹಿಡಿಕೆ ಇತ್ತು, ಹಿಡಿಕೆಯ ಮೇಲಿನ ಭಾಗ ಮುರಿದಿತ್ತು. ಪಾದಗಳೂ ಇರಲಿಲ್ಲ.

ನಾನಂತೂ ಖುಷಿಯಿಂದ ಬಗ್ಗಿ ಅವಳ ಓಲೆ ಮುಟ್ಟಿ ನೋಡಿದೆ. ಅವ್ವ ಮಾತ್ರ ಕೊಡವನ್ನು ಕೆಳಗಿಟ್ಟು, ಸೆರಗನ್ನು ತಲೆಯ ಮೇಲೆಳೆದುಕೊಂಡು, ಆ ಮುಖದ ಮುಂದೆ ಕುಳಿತಳು.

"ಯವ್ವಾ, ಇಷ್ಟು ವರ್ಷ ನಾ ಇಕಿ ಬೆನ್ನ ಮ್ಯಾಲ ಬಡದೆನಲ್ಲ."

ನಮ್ಮೂರಿನಲ್ಲಿ ಕೆತ್ತಿದ ಕಲ್ಲು ಸಿಕ್ಕುವುದು ದೊಡ್ಡ ಸುದ್ದಿಯೇನಲ್ಲ. ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿಯಾಗಿದ್ದ ಊರು. ಆ ಅರಸರು ಹೋದ ಮೇಲೆ ಒಬ್ಬರ ಹಿಂದೊಬ್ಬರು ಆಳಿದರು. ಗುಡಿಯ ಕಂಬಗಳು ಕೋಟೆಯ ಗೋಡೆ ಸೇರಿದವು, ಕೋಟೆಯಿಂದ ಬಿದ್ದ ಕಲ್ಲುಗಳು ಜನರ ಮನೆಯ ಪಾಯ ಸೇರಿದವು. ನಮ್ಮ ಓಣಿಯಲ್ಲೇ ಒಂದು ಮನೆಯ ಮೆಟ್ಟಿಲಿಗೆ ಅರಳಿದ ಕಮಲವಿದೆ. ಇನ್ನೊಂದು ಮನೆಯವರು ದನ ಕಟ್ಟುವ ಗೂಟಕ್ಕೆ ಆಸರೆ ಕೊಟ್ಟದ್ದು ಒಂದು ಕಲ್ಲಿನ ಆನೆಯ ಸೊಂಡಿಲು. ಇವನ್ನೆಲ್ಲ ದಿನವೂ ತುಳಿದು, ದಾಟಿ ಬೆಳೆದವರು ನಾವು. ಆದರೆ ಮುಖವಿರುವ ಹೆಂಗಸು ನಮ್ಮ ಮನೆಯಲ್ಲೇ ಬೋರಲು ಬಿದ್ದಿದ್ದಳೆಂಬುದು ಬೇರೆಯೇ ಮಾತಾಗಿತ್ತು.

ಸುದ್ದಿ ಕೇಳಿ ಮೊದಲು ಬಂದವಳು ಪಕ್ಕದ ಮನೆಯ ಕಾಕಿ. ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ. ಬಗ್ಗಿ ಆ ಮುಷ್ಟಿಯನ್ನು ನೋಡಿದಳು. "ತ್ರಿಶೂಲ ಅದ ನೋಡ್ರಿ, ಮ್ಯಾಲಿಂದು ಮುರದದ" ಎಂದಳು. ನವರಾತ್ರಿಯ ದಿನಗಳು ಬೇರೆ. ನಮ್ಮ ಕಡೆಯ ಜನ ಗುಂಪು ಕಟ್ಟಿಕೊಂಡು ತುಳಜಾಪುರದ ದೇವಿಯ ದರ್ಶನಕ್ಕೆ ನಡೆದು ಹೋಗುವ ಕಾಲ. ಕಾಕಿ ಎರಡೂ ಕೈ ಮುಗಿದು, "ವೈನಿ, ತುಳಜಾಪುರದಾಕಿ ತಾನೇ ನಡದು ನಿಮ್ಮ ಹಿತ್ತಲಕ್ಕ ಬಂದಾಳ. ನೀವು ಆಕಿ ಮ್ಯಾಲ ಹೊಲಸ ಅರಬಿ ಒಗದೀರಿ. ಏನ್ ಪರಿಹಾರ ಮಾಡಸ್ತೀರೋ ಲಗೂನ ಮಾಡಸ್ರಿ" ಎಂದಳು.

ಸಂಜೆಯ ಹೊತ್ತಿಗೆ ಆ ಹೆಂಗಸಿನ ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನದ ಭಂಡಾರ ಬಿದ್ದಿತ್ತು. ಮರುದಿನ ಓಣಿಯ ಹೆಂಗಸರು ಎಣ್ಣೆ, ಕಾಯಿ ಹಿಡಿದುಕೊಂಡು ಹಿಂಬಾಗಿಲಿನಿಂದ ಬರತೊಡಗಿದರು. ಗೌಂಡಿ ಕೆಲಸ ನಿಲ್ಲಿಸಿದ. ಕಾಳುಕಡಿಯ ಅಡತಿ ಅಂಗಡಿಯಿಂದ ಊಟಕ್ಕೆ ಬಂದ ಅಪ್ಪನಿಗೆ ತನ್ನ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಕೊರಳಾಗ ಲಿಂಗ ಕಟ್ಟಿದವರು ನಾವು. ಕಲ್ಲಿಗೆ ಯಾಕ ಇಷ್ಟು ಅಂಜತಿ?" ಎಂದು ಅಪ್ಪ ಅವ್ವನನ್ನು ಕೇಳಿದ.

"ಕೊರಳಾಗಿಂದೂ ಕಲ್ಲೇ ಅಲ್ಲೇನ್ರಿ?" ಎಂದಳು ಅವ್ವ. ಅಪ್ಪ ಇನ್ನೊಂದು ರೊಟ್ಟಿ ಮುರಿದ.

ನಾನೂ ನನ್ನ ಕೈಲಾದಷ್ಟು ಹೇಳಿದೆ. "ಅವ್ವಾ, ಇಕಿ ದೇವಿ ಅಲ್ಲ. ಚಾಲುಕ್ಯರ ಗುಡಿ ಹೊರಗೋಡಿ ಮ್ಯಾಲ ಇಂಥವರನ್ನ ಚಂದಕ್ಕ ನಿಲ್ಲಸ್ತಿದ್ದರು. ಮದನಿಕೆ ಅಂತಾರ."

"ನೀ ಸಾಲಿ ಕಲಸಾಕಿ. ನಿನಗ ಎಲ್ಲಾ ಪಾಠದಂಗೇ ಕಾಣತದ" ಎಂದು ಮುಖ ತಿರುಗಿಸಿದಳು.

ರಜೆ ಮುಗಿದು ನಾನು ಹುಮನಾಬಾದಿಗೆ ಮರಳಿದೆ. ಕೆಲವು ದಿನ ಬಿಟ್ಟು ನನ್ನ ತಮ್ಮ ಎಸ್‌ಟಿಡಿ ಬೂತಿನಿಂದ ನಮ್ಮ ಮನೆ ಮಾಲೀಕರ ಫೋನಿಗೆ ಕರೆ ಮಾಡಿದ. ಅವ್ವ ಒಪ್ಪೊತ್ತು ಮಾತ್ರ ಉಣ್ಣುತ್ತಿದ್ದಳಂತೆ, ಅದೂ ಅಷ್ಟಕ್ಕಷ್ಟೆ. ನಿದ್ದೆ ಇಲ್ಲ. ಅರಿವೆ ಒಗೆಯಲು ಹೋಗಿ ನೀರು ಮುಟ್ಟದೆ ಹಿಂದೆ ಸರಿಯುತ್ತಿದ್ದಳಂತೆ. "ಅಕ್ಕಾ, ನೀ ಬಂದು ಒಂದಿಷ್ಟು ದಿನ ಕರಕೊಂಡು ಹೋಗು. ಆ ಕಲ್ಲಿನ ಮುಂದಿಂದ ಏಳವಲ್ಲಳು" ಎಂದ.

ಶನಿವಾರ ಅರ್ಧ ದಿನದ ಸಾಲಿ ಮುಗಿಸಿ ಬಸ್ಸು ಹತ್ತಿದೆ. ಅವ್ವ ನಿಜಕ್ಕೂ ಬಾಡಿಹೋಗಿದ್ದಳು. ಮೊಮ್ಮಗಳು ನೆನಸಾಕತ್ತಾಳ ಎಂದು ನೆವ ಹೇಳಿ ಅಂದೇ ಹೊರಡಿಸಿದೆ. ನನ್ನ ಮಗಳು ಆಗಿನ್ನೂ ತೊದಲು ಮಾತಿನವಳು. ಬಸ್ಸಿನಲ್ಲಿ ಅವ್ವ ಕಿಟಕಿ ಪಕ್ಕ ಕುಳಿತಳು. ತೊಗರಿ ಹೂ ಬಿಟ್ಟ ಹೊಲಗಳನ್ನು ನೋಡುತ್ತಾಳೆ ಎಂದುಕೊಂಡಿದ್ದೆ. ಹೆದ್ದಾರಿಗೆ ಬಂದ ಮೇಲೆ, ನನ್ನ ಕಡೆ ತಿರುಗದೆಯೇ ಕೇಳಿದಳು.

"ನಿನ್ನ ಬೆನ್ನಿಗೆ ಹುಟ್ಟಿದಾಕಿ ನಿನಗ ನೆನಪದಾಳೇನು?"

ನನಗೂ ತಮ್ಮನಿಗೂ ನಡುವೆ ಒಂದು ಹೆಣ್ಣು ಕೂಸು ಹುಟ್ಟಿತ್ತೆಂದು ನನಗೆ ಗೊತ್ತಿತ್ತು. ನಡೆಯಲು ಕಲಿಯುವ ಮೊದಲೇ ಜ್ವರದಲ್ಲಿ ಹೋಯಿತು. ಗೊತ್ತಿದ್ದದ್ದು ಅಷ್ಟೆ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

"ತೊಟ್ಟಿಲಾ ಬಿಚ್ಚಿ ಅಟ್ಟದ ಮ್ಯಾಲ ಇಟ್ಟಿದ್ದು ನೆನಪದ" ಎಂದೆ.

"ಜ್ವರ ಬಂದಾಗೂ ಆಕಿ ಹೊದಿಯೋ ಕೌದಿ ನಾ ಆ ಕಲ್ಲಿನ ಮ್ಯಾಲೇ ಒಗದೀನಿ. ಕಲ್ಲು ಬೇಕಂತ ಕೇಳಿ ತರಸಿದಾಕಿ ನಾನೇ. ಯಾಕ ಹೋತು ನನ್ನ ಕೂಸು ಅಂತ ಇಷ್ಟು ವರ್ಷ ಗೊತ್ತಾಗಿರಲಿಲ್ಲ. ಈಗ ಗೊತ್ತಾತು."

ಅಳಲಿಲ್ಲ. ಲೆಕ್ಕ ಮುಗಿಸಿದವರ ಹಾಗೆ ಹೇಳಿದಳು. ಅವಳು ಅಂಜಿದ್ದು ಮುಂದೆ ಬರುವ ಕೇಡಿಗೆ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ಹೊತ್ತುಕೊಂಡದ್ದು ಹಿಂದೆ ಆಗಿಹೋದದ್ದನ್ನು. ಅವಳ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಹುಮನಾಬಾದಿನ ಬಸ್‌ಸ್ಟ್ಯಾಂಡು ಬರುವವರೆಗೂ ಹಾಗೇ ಕುಳಿತಿದ್ದೆವು.

ಮನೆಯಲ್ಲಿ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಘಾಟಬೋರಾಳದ ಒಕ್ಕಲು ಮನೆತನದವರು, ಮಾತು ಕಡಿಮೆ. "ಬಾಯಿಲೆ ಹೇಳಿದರ ಹ್ಯಾಂಗ ನಂಬತಾರ? ಕರಕೊಂಡು ಹೋಗಿ ತೋರಸು. ಜಲಸಂಗ್ವಿ ಗುಡಿ ಏನು ದೂರ ಅದ?" ಎಂದರು.

ಗೋಡೆ ತುಂಬ ಮದನಿಕೆಯರಿರುವ ಅಂಥ ಗುಡಿ ನಮ್ಮ ತವರಿಗೆ ಇನ್ನೂ ಹತ್ತಿರದಲ್ಲೇ, ನಾರಾಯಣಪುರದಲ್ಲಿ ಇದೆ. ಅಲ್ಲಿಗೆ ಹೋಗೋಣವೆಂದು ನಾನು ರಜೆಯಲ್ಲೇ ಕರೆದಿದ್ದೆ. ಅಲ್ಲಿ ಗುರುತಿನವರು ಇದ್ದಾರೆ, ದೇವಿಯನ್ನು ಬಡಿದವಳು ಎಂದು ನೋಡುತ್ತಾರೆ ಎಂದು ಅವ್ವ ಬಂದಿರಲಿಲ್ಲ. ಜಲಸಂಗ್ವಿಯಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಒಪ್ಪಿದಳು.

ಭಾನುವಾರ ಮುಂಜಾನೆ ರೊಟ್ಟಿ, ನಂಜಿಕೊಳ್ಳಲು ಖಾರದ ಶೇಂಗಾ ಹಿಂಡಿ ಕಟ್ಟಿಕೊಂಡು ಇಬ್ಬರೂ ಜೀಪಿನಲ್ಲಿ ಹೊರಟೆವು. ಊರ ಗುಡಿಯ ಮುಂದೆ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಗುಡಿ ಅಲ್ಲಲ್ಲಿ ಕುಸಿದಿತ್ತು, ಆದರೂ ಗೋಡೆಗಳು ನಿಂತಿದ್ದವು. ಆ ಗೋಡೆಯ ಏಣುಗಳಲ್ಲಿ, ಸಂದುಗಳಲ್ಲಿ ಹೆಂಗಸರು. ಸಾಲಿಯ ಮಕ್ಕಳಿಗೆ ತೋರಿಸಲು ನಾನು ಹಿಂದೆಯೂ ಬಂದಿದ್ದೆ. ಆದರೂ ಆ ಬಿಸಿಲು ಓರೆಯಾಗಿ ಬಿದ್ದು ಒಬ್ಬೊಬ್ಬರ ಸೊಂಟ, ತೋಳು, ಬೆರಳು ಮೇಲೆದ್ದು ಕಾಣುತ್ತಿದ್ದಾಗ ಹೊಸದಾಗಿ ನೋಡಿದ ಹಾಗಾಯಿತು. ಕಲ್ಲನ್ನು ಕೊರೆದು ಇಷ್ಟು ಮೆತ್ತಗೆ ಮಾಡುವುದು ಹೇಗೆ ಎಂದು ಆ ಗೋಡೆಯ ಮುಂದೆ ನಿಂತಾಗೆಲ್ಲ ಅನಿಸಿದೆ. ತೆಳುವಾದ ಸೀರೆಯ ಅಂಚು ತೊಡೆಯ ಮೇಲೆ ಒಂದೇ ಒಂದು ಗೆರೆಯಾಗಿ ಇಳಿದಿದೆ. ಸರದ ಮಣಿಗಳು ಉಸಿರಿಗೆ ಅಲುಗಿದ ಹಾಗಿವೆ.

ಅವ್ವ ಮೊದಲು ಒಳಗೆ ಹೋಗಿ ಶಿವಲಿಂಗಕ್ಕೆ ಕೈಮುಗಿದು ಬಂದಳು. ಆಮೇಲೆ ಗೋಡೆಯಿಂದ ಒಂದು ಮಾರು ದೂರದಲ್ಲಿ, ಅಂಜುತ್ತಲೇ, ನನ್ನ ಹಿಂದೆ ಹಿಂದೆ ನಡೆದಳು.

ಒಬ್ಬಳು ಬೆನ್ನು ತೋರಿಸುವಂತೆ ತಿರುಗಿ ನಿಂತು ಫಲಕದ ಮೇಲೆ ಬರೆಯುತ್ತಿದ್ದಾಳೆ. ಅವಳ ಮುಂದಿನ ಅಕ್ಷರಗಳು ಇವತ್ತಿಗೂ ಇವೆ.

"ಏನ್ ಬರಿಯಾಕತ್ತಾಳ ಇಕಿ?"

"ತನ್ನ ರಾಜ ಎಷ್ಟು ದೊಡ್ಡಾಂವ ಅಂತ ಹೊಗಳಿ ಬರಿಯಾಕತ್ತಾಳ."

"ಆಗಿನ ಹೆಣ್ಣಮಕ್ಕಳು ಬರಿತಿದ್ದರೇನು?" ಎಂದು ಅವ್ವ ಒಂದು ಹೆಜ್ಜೆ ಮುಂದೆ ಬಂದಳು. ಅವಳಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತಿತ್ತು.

ಇನ್ನೂ ಮುಂದೆ ಹೋದರೆ ಒಂದು ಮಂಗ ಒಬ್ಬಳ ಸೀರೆಯ ಸೆರಗು ಹಿಡಿದು ಜಗ್ಗುತ್ತಿದೆ. ಅವಳು ಸೀರೆ ಬಿಗಿಹಿಡಿದುಕೊಂಡು ಅದಕ್ಕೆ ಹೊಡೆಯಲು ಕೈ ಎತ್ತಿದ್ದಾಳೆ. ಅವ್ವ ಅದನ್ನು ನೋಡಿದಳು, ಮತ್ತೆ ಬಗ್ಗಿ ನೋಡಿದಳು. "ಏ ಮಂಗ್ಯಾ, ಬಿಡೋ!" ಎಂದು ತಾನೇ ಗದರಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಲ್ಲು ಮಗುಚಿದ ದಿನದಿಂದ ಅವಳು ನಕ್ಕಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಅವಳೇ ಮುಂದೆ ನಡೆದಳು, ನಾನು ಹಿಂದೆ. ಇನ್ನೊಂದು ಮಗ್ಗುಲಿನ ಗೋಡೆಯ ಹತ್ತಿರ ಥಟ್ಟನೆ ನಿಂತಳು.

"ಇಲ್ಲಿ ಬಾ. ಲಗೂ ಬಾ."

ಅಲ್ಲೊಬ್ಬಳು ಎಡಗೈ ಎತ್ತಿ ಕನ್ನಡಿ ಹಿಡಿದಿದ್ದಳು. ದುಂಡನೆಯ ಕನ್ನಡಿ, ಕೆಳಗೆ ಗಿಡ್ಡ ಹಿಡಿಕೆ. ಬಲಗೈ ಬೈತಲೆಯ ಹತ್ತಿರವಿತ್ತು. ಅದೇ ವಾಲಿದ ತುರುಬು, ಅದೇ ಸೊಂಟದ ಡೊಂಕು. ಅವ್ವ ತನ್ನ ಎಡಗೈಯನ್ನು ಹಾಗೇ ಎತ್ತಿ, ಮುಷ್ಟಿ ಕಟ್ಟಿ, ಅವಳನ್ನೊಮ್ಮೆ ತನ್ನ ಕೈಯನ್ನೊಮ್ಮೆ ನೋಡಿದಳು.

"ತ್ರಿಶೂಲ ಅಲ್ಲ ಇದು. ಕನ್ನಡಿ. ನಮ್ಮಾಕೀನೂ ಕನ್ನಡಿನೇ ಹಿಡದಾಳ. ಗಾಜು ಒಡದದ, ಹಿಡಿ ಉಳದದ."

ಕಲ್ಲಿನ ಕನ್ನಡಿಗೆ ಅವಳು ಗಾಜು ಎಂದದ್ದು ನನಗೆ ಬಹಳ ಹಿಡಿಸಿತು.

"ಹೌದವ್ವಾ" ಎಂದೆ. "ಸಿಂಗಾರ ಮಾಡಿಕೊಳ್ಳಾಕತ್ತಾಳ ಅಷ್ಟೇ."

ಆದರೂ ಅವಳ ಮುಖದಲ್ಲಿ ಇನ್ನೂ ಏನೋ ಉಳಿದಿತ್ತು. ಕಟ್ಟೆಯ ನೆರಳಿನಲ್ಲಿ ಊರಿನ ಒಬ್ಬ ಮುದುಕಿ ಕಟ್ಟಿಗೆಯ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಅವ್ವ ಹೋಗಿ ಅವಳ ಪಕ್ಕದಲ್ಲೇ ಕುಳಿತಳು.

"ಆಯಿ, ಇವರಿಗೆ ಪೂಜಾ ಮಾಡತೀರೇನ್ರಿ?"

"ಇವರಿಗ್ಯಾಕ ಪೂಜಾ? ಪೂಜಾ ಒಳಗಿನ ದೇವರಿಗೆ" ಎಂದಳು ಮುದುಕಿ. "ಇವರು ಹೊರಗ ಮಳಿ ಬಿಸಲು ತಿಂದು ನಿಂತವರು. ಗುಡಿಗೆ ಚಂದ ಕಾಣಲಿ ಅಂತ ಮಾಡ್ಯಾರ."

ಅವ್ವ ಇನ್ನಷ್ಟು ಹತ್ತಿರ ಸರಿದಳು. ಅವಳು ಇಷ್ಟು ದೂರ ಬಂದದ್ದೇ ಮುಂದಿನ ಪ್ರಶ್ನೆಗೆ ಎಂದು ನನಗೆ ಅನಿಸಿತು.

"ಗೊತ್ತಿಲ್ಲದ ಇವರಿಗೆ ಕಾಲು ಹತ್ತಿದರ, ಪೆಟ್ಟು ಹತ್ತಿದರ, ಮನಿಯಾಗ ಕೂಸುಗಳಿಗೆ ಏನರ ಆಗತದೇನು?"

ಮುದುಕಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಬಾಯಿ ತೆಗೆದು ನಕ್ಕಳು. "ಯವ್ವಾ, ನಮ್ಮ ಊರ ಹುಡುಗರು ಇವರ ಹೆಗಲಿಗೆ ಕಾಲು ಕೊಟ್ಟು ಗುಡಿ ಏರತಾವ. ನನ್ನವೂ ಇಲ್ಲೇ ಆಡಿ ಬೆಳದಾವ, ಅವುಗಳ ಮಕ್ಕಳೂ ಇಲ್ಲೇ ಆಡತಾವ. ಯಾರಿಗೂ ಏನೂ ಆಗಿಲ್ಲ. ಬೀಳತಾವ, ಮೊಣಕಾಲು ಕೆತ್ತಿಸಿಕೋತಾವ, ಅಳತಾವ, ಮತ್ತ ಏರತಾವ."

ಹೇಳುತ್ತಿದ್ದಾಗಲೇ ಗುಡಿಯ ಹಿಂದಿನಿಂದ ಹುಡುಗರ ಗದ್ದಲ ಕೇಳಿಸಿತು. ಮುದುಕಿ, "ನೋಡು, ಬಂದವು" ಎಂದು ಅವರಿಗೆ ಬೈಯಲು ಕಟ್ಟಿಗೆಯ ತುಂಡೊಂದನ್ನು ಎತ್ತಿಕೊಂಡಳು.

"ಮತ್ತ ಕೂಸುಗಳು ಯಾಕ ಹೋಗತಾವ ಆಯಿ?" ಎಂದು ಅವ್ವ ಮೆಲ್ಲಗೆ ಕೇಳಿದಳು.

ಮುದುಕಿ ಕಟ್ಟಿಗೆ ಕೆಳಗಿಟ್ಟಳು. ಅವ್ವನ ಮುಖವನ್ನು ಈಗ ಸರಿಯಾಗಿ ನೋಡಿದಳು. "ನನ್ನವೂ ಹೋಗ್ಯಾವ, ಯವ್ವಾ. ಆ ಕಾಲಕ್ಕ ದವಾಖಾನಿ ಎಲ್ಲಿತ್ತು? ಜ್ವರ ಬಂದರ ಹೋಗತಿದ್ದವು. ನಮ್ಮ ಕೈಯಾಗ ಏನಿತ್ತು?"

ಅವ್ವ ಆಗ ಅತ್ತಳು. ಸೆರಗು ಮುಚ್ಚಿಕೊಳ್ಳದೆ, ದನಿ ತಡೆಯದೆ ಅತ್ತಳು. ಮುದುಕಿ ಅವಳ ಬೆನ್ನ ಮೇಲೆ ಕೈಯಾಡಿಸುತ್ತಿದ್ದಳು. ನಾನು ದೂರದಲ್ಲೇ ನಿಂತೆ. ಅದು ದುಃಖದ ಅಳುವಾಗಿತ್ತು ನಿಜ, ಆದರೆ ಬಸ್ಸಿನಲ್ಲಿ ಕಂಡ ಆ ಒಣಗಿದ ಮುಖಕ್ಕಿಂತ ಅದನ್ನು ನೋಡುವುದು ನನಗೆ ಎಷ್ಟೋ ಹಗುರವೆನಿಸಿತು. ಅತ್ತು ಮುಗಿದ ಮೇಲೆ ಅವ್ವ ಮುಖ ತೊಳೆದುಕೊಂಡು ಬುತ್ತಿ ಬಿಚ್ಚಿದಳು. ಮುದುಕಿಗೂ ಹುಡುಗರಿಗೂ ರೊಟ್ಟಿ ಹಂಚಿ, ಉಳಿದದ್ದನ್ನು ತಾನು ಉಂಡಳು. ಇನ್ನೊಂದಿಷ್ಟು ಹಿಂಡಿ ಇದೆಯೇನು ಎಂದು ಕೇಳಿದಳು. ಇರಲಿಲ್ಲ. ಹೆಚ್ಚು ಕಟ್ಟಿಕೊಂಡು ಬರಬೇಕಿತ್ತು.

ಹುಮನಾಬಾದಿಗೆ ಮರಳಿ ಬಂದು, ಹಗಲಲ್ಲೇ ಮಲಗಿ, ದೀಪ ಹಚ್ಚುವ ಹೊತ್ತಿನವರೆಗೂ ನಿದ್ದೆ ಮಾಡಿದಳು. ನನ್ನ ಮಗಳು ಹೋಗಿ ಹೋಗಿ ಅವಳ ಮೂಗು ಹಿಡಿದರೂ ಏಳಲಿಲ್ಲ.

ವಾರ ಕಳೆದು ಅವಳನ್ನು ಕಲ್ಯಾಣಕ್ಕೆ ಬಿಡಲು ಹೋದೆ. ಹಿತ್ತಲಲ್ಲಿ ಕಾಕಿ ಇನ್ನಿಬ್ಬರನ್ನು ಕೂಡಿಸಿಕೊಂಡು ಆರತಿಗೆ ಅಣಿಯಾಗಿದ್ದಳು. ಅವ್ವ ಒಂದು ಕೊಡ ನೀರು, ಒಂದು ಮುಷ್ಟಿ ಸೀಗೆಪುಡಿ ತಂದು ಕುಳಿತಳು. ಕುಂಕುಮ, ಎಣ್ಣೆ ಎಲ್ಲವನ್ನೂ ತಿಕ್ಕಿ ತೊಳೆಯುತ್ತ, ತಂಗಿಯ ತಲೆಗೆ ಎರೆಯುವಾಗ ಆಡುವಂಥ ಮಾತಿನಲ್ಲಿ ಹೇಳಿದಳು. "ಇಕಿ ಸಿಟ್ಟಾಗೋ ಹೆಂಗಸಲ್ಲ, ಯವ್ವಾ. ಕನ್ನಡಿ ನೋಡಿಕೊಳ್ಳಾಕತ್ತಾಳ. ಜಲಸಂಗ್ವಿಯಾಗ ಇಕಿ ಅಕ್ಕತಂಗ್ಯಾರನ್ನ ನೋಡಿ ಬಂದೀನಿ."

ಕಾಕಿ ಮೊದಲು ಮುನಿಸಿಕೊಂಡಳು. ನಂತರ ಮಂಗನ ಕಥೆ ಕೇಳಿ, ಆ ಊರಿಗೆ ಎಲ್ಲಿಂದ ಜೀಪು ಸಿಗುತ್ತದೆಂದು ವಿಚಾರಿಸಿದಳು. ಹಿತ್ತಲಿಗೆ ಬರುವ ಹೆಂಗಸರು ಒಬ್ಬೊಬ್ಬರಾಗಿ ಕಡಿಮೆಯಾದರು. ಗೌಂಡಿ ಮತ್ತೆ ಕೆಲಸಕ್ಕೆ ಬಂದ.

ಕಲ್ಲನ್ನು ಏನು ಮಾಡುವುದೆಂಬುದು ಉಳಿಯಿತು. ಸರಕಾರಕ್ಕೆ ತಿಳಿಸಿದರೆ ಮನೆ ಅಗೆಯುತ್ತಾರೆ, ಜಾಗ ಹೋಗುತ್ತದೆ ಎಂದು ಅಂಗಡಿಯಲ್ಲಿ ಯಾರೋ ಅಪ್ಪನ ಕಿವಿಯಲ್ಲಿ ಊದಿದ್ದರು. ಅಪ್ಪ ಎರಡು ಮನಸ್ಸಿನಲ್ಲಿದ್ದ. "ಆಕಿನ ಮತ್ತ ಬೋರಲ ಹಾಕೂದು ಬ್ಯಾಡ್ರಿ. ಕಿಲ್ಲಾದೊಳಗ ಇಂಥವು ಇಟ್ಟಾರಂತ, ಅಲ್ಲೇ ಕಳಸ್ರಿ" ಎಂದು ಅವ್ವ ಹೇಳಿದ ಮೇಲೆ ನಾನೂ ಅಪ್ಪನೂ ಕೋಟೆಯೊಳಗಿನ ವಸ್ತುಸಂಗ್ರಹಾಲಯಕ್ಕೆ ಹೋಗಿ ತಿಳಿಸಿ ಬಂದೆವು. ಬಂದವರು ಇಬ್ಬರು ಮರ್ಯಾದೆಯ ಮನುಷ್ಯರು. ಚಹಾ ಕುಡಿದರು, ಕಲ್ಲನ್ನು ಅಳತೆ ಮಾಡಿಕೊಂಡರು, ಮತ್ತೇನಾದರೂ ಸಿಕ್ಕರೆ ಹೇಳಿರೆಂದರು. ಮನೆಯ ಮಾತೇ ಎತ್ತಲಿಲ್ಲ. ಅಪ್ಪ ಅವರನ್ನು ಬಾಗಿಲವರೆಗೆ ಕಳಿಸಿ ಬಂದು, ಪಡಸಾಲೆಯ ಕಂಬಕ್ಕೆ ಒರಗಿ ದೊಡ್ಡದಾಗಿ ಉಸಿರು ಬಿಟ್ಟದ್ದು ಅಡಿಗೆಮನೆಗೂ ಕೇಳಿಸಿತು.

ಗಾಡಿಗೆ ಹೇರುವಾಗ ಆಳುಗಳು ರೂಢಿಯಂತೆ ಚಪ್ಪಟೆ ಮಗ್ಗುಲನ್ನು ಮೇಲೆ ಮಾಡಿದರು. ಅವ್ವ ಓಣಿಗೇ ಓಡಿ ಬಂದು ತಡೆದಳು. "ಮಾರಿ ಮ್ಯಾಲ ಮಾಡಿ ಒಯ್ರಿ. ಆಕಿಗೆ ಊರು ಕಾಣಲಿ." ಅವರು ಕೆಳಗೆ ಗೋಣಿಚೀಲ ಹಾಸಿ ಹಾಗೇ ಒಯ್ದರು. ಬಚ್ಚಲು ಸಿಮೆಂಟಿನಲ್ಲಿ ಎದ್ದಿತು. ಆ ನೆಲದ ಮೇಲೆ ಅರಿವೆ ಹಸನಾಗುವುದಿಲ್ಲವೆಂದು ಅವ್ವ ಬಹಳ ದಿನ ಗೊಣಗಿದಳು.

ಕೆಲವು ವರ್ಷ ಕಳೆದು, ಎರಡು ಸಾವಿರದ ಇಸವಿಯ ಈಚೆಗೆ, ಅವ್ವ ಹುಮನಾಬಾದಿನ ನಮ್ಮ ಮನೆಯಲ್ಲಿದ್ದಳು. ಮಧ್ಯಾಹ್ನ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದೆವು. ಸಾಲಿಗೆ ಹೋಗುತ್ತಿದ್ದ ನನ್ನ ಮಗಳು, ತನ್ನ ತಾಯಿಗೆ, ಅಂದರೆ ನನಗೆ, ತಂಗಿ ಯಾರೂ ಇಲ್ಲವೇನು ಎಂದು ಅವ್ವನನ್ನು ಕೇಳಿದಳು. ನಾನು ಗಾಬರಿಯಿಂದ ಅವ್ವನ ಮುಖ ನೋಡಿದೆ.

"ಇದ್ದಳು" ಎಂದಳು ಅವ್ವ, ಕೈ ನಿಲ್ಲಿಸದೆ. "ಭಾಳ ಜಾಣಿ ಇದ್ದಳು. ನಿಮ್ಮ ಮುತ್ಯಾ ಊಟಕ್ಕ ಕುಂತರ ತಾಟಿಗೇ ಕೈ ಹಾಕತಿದ್ದಳು. ಬೆಲ್ಲ ಕೊಟ್ಟರ ಉಗುಳತಿದ್ದಳು, ಖಾರ ಬೇಕು ಆಕಿಗೆ!"

"ಖಾರ? ಅಷ್ಟು ಸಣ್ಣಾಕಿಗೆ?" ಎಂದಳು ಮಗಳು.

"ಹೂಂ ಮತ್ತ. ಹಿಂಡಿ ಹತ್ತಿದ ಬೆರಳು ಚೀಪಿ ಕಣ್ಣಾಗ ನೀರು ತರತಿದ್ದಳು, ಮತ್ತ ಬಾಯಿ ತೆಗಿತಿದ್ದಳು."

ನನಗೂ ಇದಾವುದೂ ಗೊತ್ತಿರಲಿಲ್ಲ. ಮಗಳು ಮತ್ತೆ ಮತ್ತೆ ಕೇಳಿದಳು, ಅವ್ವ ಹೇಳುತ್ತ ಹೋದಳು. ನಡುವೆ ನಾನೂ ಕೇಳಿದೆ, ಆಕೆ ಯಾರ ಹಾಗೆ ಇದ್ದಳೆಂದು.

"ನಿನ್ನಂಗೇ ಇದ್ದಳು" ಎಂದು ಅವ್ವ ನಕ್ಕಳು. "ಮೂಗು ಮಾತ್ರ ಚಂದಿತ್ತು."